ಕಸಿ ಕಿಡ್ನಿಗೆ ಜೀನ್ ಬಯಾಪ್ಸಿ: ಮಾಡಿಸಿದ್ದು ಉಪಯೋಗಕ್ಕೆ ಬಂತಾ?

ಕಸಿ ಮಾಡಿದ ಕಿಡ್ನಿಯಿಂದ ಸೂಜಿಯಲ್ಲಿ ಒಂದು ಚೂರು ತೆಗೆದು, ಅದರೊಳಗೆ ಯಾವ ಜೀನ್ ಜೋರಾಗಿ ಕೆಲಸ ಮಾಡುತ್ತಿದೆ, ಯಾವುದು ಸುಮ್ಮನಿದೆ ಅಂತ ಅಳೆದು ಹೇಳುವ ಪರೀಕ್ಷೆಯ ವಿಮರ್ಶೆ ಇದು. ನನಗೆ ಕಸಿಯಾದ ಹೊಸತರಲ್ಲಿ ಇದನ್ನು ಮಾಡಿಸಿದರು. ಕೆಲವು ತಿಂಗಳ ನಂತರ ಮತ್ತೊಮ್ಮೆ ಮಾಡಿಸಿದರು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೊಸ ಕಿಡ್ನಿ ಕೆಲಸ ಶುರು ಮಾಡುವುದು ತಡವಾಗುತ್ತಿದೆ, ಕಾರಣ ರಿಜೆಕ್ಷನ್ನೋ (ಅಂದರೆ ಹೊಸ ಕಿಡ್ನಿ ತನ್ನದಲ್ಲ ಅಂತ ದೇಹವೇ ಅದರ ಮೇಲೆ ದಾಳಿ ಮಾಡುವುದು) ಬರೀ ಪೆಟ್ಟೋ ಗೊತ್ತಾಗುತ್ತಿಲ್ಲ ಅನ್ನುವ ಸ್ಥಿತಿಯಲ್ಲಿ ಇದರಷ್ಟು ಉಪಯೋಗದ ಪರೀಕ್ಷೆಯನ್ನು ನಾನು ಕಂಡಿಲ್ಲ. ಎಲ್ಲ ಸರಿಯಾಗಿರುವಾಗ ಸುಮ್ನೆ ಕುತೂಹಲಕ್ಕೆ ಮಾಡಿಸುವಂಥದ್ದಲ್ಲ. ವರದಿ ಬರೆದಿರುವ ರೀತಿಯ ಬಗ್ಗೆ ಮಾತ್ರ ನನಗೆ ತುಂಬಾ ಬೇಸರವಿದೆ. ಅದನ್ನು ಕೆಳಗೆ ಹೇಳುತ್ತೇನೆ.

ನಾನು ಕಾಲೇಜಿನ ಜೀವಶಾಸ್ತ್ರ ಲ್ಯಾಬ್ ನೋಡಿಕೊಳ್ಳುವವಳು. ಸ್ಲೈಡ್ ತಯಾರು ಮಾಡುವುದು, ಸ್ಯಾಂಪಲ್ ಕೆಡದಂತೆ ಇಡುವುದು ನನ್ನ ದಿನನಿತ್ಯದ ಕೆಲಸ. ಹಾಗಾಗಿ ನನ್ನದೇ ದೇಹದ ಚೂರು ಯಾರ ಕೈಯಿಂದ ಯಾರ ಕೈಗೆ ಹೋಗುತ್ತಿದೆ ಅಂತ ಮಲಗಿದಲ್ಲಿಂದಲೇ ನೋಡುತ್ತಿದ್ದೆ. ಪರೀಕ್ಷೆ ಮಾಡಿದ ಲ್ಯಾಬಿನ ಹೆಸರು ಇಲ್ಲಿ ಬರೆಯುತ್ತಿಲ್ಲ. ಇಂಥ ಪರೀಕ್ಷೆಯಿಂದ ರೋಗಿಗೆ ಏನು ಸಿಗುತ್ತದೆ ಅನ್ನುವುದಷ್ಟೇ ಇಲ್ಲಿನ ವಿಷಯ.

ನನಗೆ ಬಂದದ್ದು ಮೆದುಳು ನಿಷ್ಕ್ರಿಯವಾದ ದಾನಿಯೊಬ್ಬರ ಕಿಡ್ನಿ. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಮೂತ್ರ ಬರಬೇಕಾದಷ್ಟು ಬರಲಿಲ್ಲ, ಡಯಾಲಿಸಿಸ್ ಮುಂದುವರಿಯಿತು. ಕಸಿಯಾದ ಮೊದಲ ವಾರದೊಳಗೆ ಡಯಾಲಿಸಿಸ್ ಬೇಕಾದರೆ ಡಾಕ್ಟರುಗಳು ಅದನ್ನು ಡಿಲೇಯ್ಡ್ ಗ್ರಾಫ್ಟ್ ಫಂಕ್ಷನ್ ಅನ್ನುತ್ತಾರೆ. ಮೃತ ದಾನಿಯ ಕಿಡ್ನಿ ಪಡೆದವರಲ್ಲಿ ಇದು ಅಪರೂಪವೇನಲ್ಲ. ಸ್ಕ್ಯಾನಿನಲ್ಲಿ ರಕ್ತ ಓಡಾಟ ಸರಿಯಾಗಿತ್ತು. ರಿಜೆಕ್ಷನ್ ತಡೆಯಲು ಕೊಡುವ ಟ್ಯಾಕ್ರೋಲಿಮಸ್ ಔಷಧಿಯ ಮಟ್ಟ ರಕ್ತದಲ್ಲಿ ಸರಿಯಾಗಿತ್ತು. ಕ್ರಿಯಾಟಿನಿನ್ ಮಾತ್ರ ಇಳಿಯಲೇ ಇಲ್ಲ.

ಕ್ರಿಯಾಟಿನಿನ್ ಅನ್ನುವುದು ಸ್ನಾಯುಗಳಿಂದ ಬರುವ ಕಸ. ಕಿಡ್ನಿ ಅದನ್ನು ಹೊರಗೆ ಹಾಕುತ್ತಿದೆಯೋ ಇಲ್ಲವೋ ಅನ್ನುವುದಷ್ಟೇ ಆ ಸಂಖ್ಯೆಯಿಂದ ತಿಳಿಯುತ್ತದೆ. ಯಾಕೆ ಹಾಕುತ್ತಿಲ್ಲ ಅನ್ನುವುದು ತಿಳಿಯುವುದಿಲ್ಲ. ಅಂಗಡಿಯ ಷಟರ್ ಇಳಿದಿದ್ದರೆ ವ್ಯಾಪಾರ ಮುಚ್ಚಿಹೋಗಿರಬಹುದು, ಒಳಗೆ ಸುಣ್ಣಬಣ್ಣ ನಡೆಯುತ್ತಲೂ ಇರಬಹುದು. ಹೊರಗೆ ನಿಂತವರಿಗೆ ಎರಡೂ ಒಂದೇ ಥರ ಕಾಣುತ್ತದೆ. ನನ್ನ ವಿಷಯದಲ್ಲಿ ಆ ಎರಡರ ನಡುವಿನ ವ್ಯತ್ಯಾಸ ದೊಡ್ಡದಾಗಿತ್ತು. ರಿಜೆಕ್ಷನ್ ಆಗಿದ್ದರೆ ದೊಡ್ಡ ಡೋಸಿನ ಸ್ಟಿರಾಯ್ಡ್ ಕೊಡಬೇಕು. ಬರೀ ಪೆಟ್ಟಾಗಿದ್ದರೆ ಅದೇ ಸ್ಟಿರಾಯ್ಡ್ ಸುಮ್ಮನೆ ಸಕ್ಕರೆ ಏರಿಸಿ, ಸೋಂಕಿಗೆ ದಾರಿ ಮಾಡಿಕೊಡುತ್ತದೆ.

ಈ ಪೆಟ್ಟು ಎಲ್ಲಿಂದ ಬಂತು ಅಂತ ತಿಳಿದುಕೊಂಡರೆ ವರದಿ ಓದುವುದು ಸುಲಭ. ದಾನಿಯ ದೇಹದಿಂದ ತೆಗೆದ ಕಿಡ್ನಿಯನ್ನು ತಣ್ಣನೆಯ ದ್ರಾವಣದಿಂದ ತೊಳೆದು ಮಂಜುಗಡ್ಡೆಯ ನಡುವೆ, ಸುಮಾರು 4 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇಡುತ್ತಾರೆ. ತಣ್ಣಗಿದ್ದಾಗ ಕೋಶಗಳ ಹಸಿವು ಕಡಿಮೆಯಾಗುತ್ತದೆ, ಆದರೆ ಪೂರ್ತಿ ನಿಲ್ಲುವುದಿಲ್ಲ. ರಕ್ತವಿಲ್ಲ, ಆಕ್ಸಿಜನ್ ಇಲ್ಲ. ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಮುಗಿಯುತ್ತಾ ಬರುತ್ತದೆ. ಜೊತೆಗೆ ಸಕ್ಸಿನೇಟ್ ಅನ್ನುವ ರಾಸಾಯನಿಕ ಒಳಗೇ ಗುಡ್ಡೆಯಾಗುತ್ತದೆ.

ಕಿಡ್ನಿಯನ್ನು ಹೊಸ ದೇಹಕ್ಕೆ ಜೋಡಿಸಿ ರಕ್ತ ಬಿಟ್ಟ ಕೂಡಲೇ ಮೈಟೋಕಾಂಡ್ರಿಯಾಗಳು, ಅಂದರೆ ಕೋಶದೊಳಗೆ ಶಕ್ತಿ ತಯಾರಿಸುವ ಭಾಗಗಳು, ಗುಡ್ಡೆಯಾಗಿದ್ದ ಸಕ್ಸಿನೇಟನ್ನು ಒಂದೇ ಸಲಕ್ಕೆ ಉರಿಸುತ್ತವೆ. ಆಗ ಹುಟ್ಟುವ ಆಕ್ಸಿಜನ್ ರಾಡಿಕಲ್‌ಗಳು ಕೋಶದ ಪೊರೆ, ಪ್ರೋಟೀನ್, ಡಿಎನ್‌ಎ ಎಲ್ಲವನ್ನೂ ಸುಡುತ್ತವೆ. 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಇದನ್ನು ಇಲಿಗಳ ಅಂಗಗಳಲ್ಲಿ ತೋರಿಸಿತು. ಕಿಡ್ನಿ ಕೂಡ ಅವುಗಳಲ್ಲಿ ಒಂದು. ಅಂದರೆ ಜೀವ ಕೊಡುವ ರಕ್ತ ವಾಪಸ್ ಬರುವ ಗಳಿಗೆಯಲ್ಲೇ ಅರ್ಧ ಪೆಟ್ಟು ಬೀಳುತ್ತದೆ. ಇದು ನನಗೆ ಮೊದಲು ಗೊತ್ತಿರಲಿಲ್ಲ.

ಜಾಸ್ತಿ ಪೆಟ್ಟು ತಿನ್ನುವುದು ಕಿಡ್ನಿಯ ನಳಿಕೆಗಳ ಮೊದಲ ಭಾಗದ ಕೋಶಗಳು. ಸೋಸಿ ಬಂದ ನೀರು, ಉಪ್ಪು, ಸಕ್ಕರೆಯಲ್ಲಿ ಹೆಚ್ಚಿನ ಪಾಲನ್ನು ದೇಹಕ್ಕೆ ವಾಪಸ್ ಎಳೆದುಕೊಳ್ಳುವ ಕೆಲಸ ಇವುಗಳದ್ದು. ಅದಕ್ಕೆ ತುಂಬಾ ಶಕ್ತಿ ಬೇಕು, ಆಕ್ಸಿಜನ್ ಇಲ್ಲದೆ ನಡೆಯುವುದಿಲ್ಲ. ಅವುಗಳಲ್ಲಿ ಕೆಲವು ಸಾಯುತ್ತವೆ, ಗೋಡೆಯಿಂದ ಕಳಚಿ ನಳಿಕೆಯೊಳಗೇ ಬಿದ್ದು ದಾರಿ ಕಟ್ಟಿಹಾಕುತ್ತವೆ.

ಉಳಿದವು ಮಾಡುವ ಕೆಲಸ ನೋಡಿ. ಬದುಕುಳಿದ ಕೋಶ ಮೊದಲು ತನ್ನ ಮಾಮೂಲಿ ಉದ್ಯೋಗ ಬಿಡುತ್ತದೆ. ಮೇಲಿನ ಬ್ರಷ್ಷಿನಂಥ ಅಂಚು ಕಳೆದುಕೊಂಡು ಚಪ್ಪಟೆಯಾಗುತ್ತದೆ, ಅಕ್ಕಪಕ್ಕದ ಬರಿದಾದ ಜಾಗದ ಮೇಲೆ ಹರಡಿಕೊಳ್ಳುತ್ತದೆ. ಆಮೇಲೆ ಒಡೆದು ಎರಡಾಗುತ್ತದೆ. ಗೋಡೆ ತುಂಬಿದ ಮೇಲೆ ಮತ್ತೆ ಎತ್ತರವಾಗಿ, ಬ್ರಷ್ ಬೆಳೆಸಿಕೊಂಡು ಹಳೇ ಕೆಲಸಕ್ಕೆ ಮರಳುತ್ತದೆ. ಹುಟ್ಟುವ ಮುಂಚೆ, ಗರ್ಭದ ಸುಮಾರು 36ನೇ ವಾರಕ್ಕೇ ಮನುಷ್ಯರಲ್ಲಿ ಹೊಸ ನೆಫ್ರಾನ್, ಅಂದರೆ ರಕ್ತ ಸೋಸುವ ಉಂಡೆ ಮತ್ತು ಅದರ ನಳಿಕೆ ಸೇರಿದ ಘಟಕ, ಹುಟ್ಟುವುದು ನಿಂತುಹೋಗುತ್ತದೆ. ಹಾಗಾಗಿ ಇರುವ ನಳಿಕೆಯನ್ನೇ ಹೀಗೆ ಒಳಗಿನಿಂದ ಸರಿಮಾಡಿಕೊಳ್ಳುವುದು ಬಿಟ್ಟರೆ ಕಿಡ್ನಿಗೆ ಬೇರೆ ದಾರಿ ಇಲ್ಲ.

ಈ ಕೆಲಸದ ಪ್ರತಿ ಹಂತಕ್ಕೂ ಅದರದ್ದೇ ಜೀನ್‌ಗಳಿವೆ. ಕಿಮ್-1 ಅನ್ನುವ ಪ್ರೋಟೀನ್ ಆರೋಗ್ಯವಾಗಿರುವ ಕಿಡ್ನಿಯಲ್ಲಿ ಹೆಚ್ಚುಕಮ್ಮಿ ಕಾಣುವುದೇ ಇಲ್ಲ. ಪೆಟ್ಟು ಬಿದ್ದರೆ ನಳಿಕೆಯ ಕೋಶದ ಮೇಲೆ ದಂಡಿಯಾಗಿ ಬರುತ್ತದೆ. ಅದನ್ನು ಹೊತ್ತ ಕೋಶ ಸತ್ತ ನೆರೆಯವರನ್ನು ನುಂಗಿ ಜಾಗ ಚೊಕ್ಕಟ ಮಾಡುತ್ತದೆ. ನಳಿಕೆಯ ಕೋಶ ಇಂಥ ಕೆಲಸಕ್ಕೆ ಇಳಿಯುತ್ತದೆ ಅಂತ ಓದಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಮತ್ತೆ ಕೋಶ ಬೆಳೆಯಲು ಶುರುಮಾಡಿಸುವ ಸಾಕ್ಸ್9 ಇದೆ, ಆಕಾರ ಬದಲಿಸುವಾಗ ಬೇಕಾಗುವ ವಿಮೆಂಟಿನ್ ಇದೆ, ಪೆಟ್ಟಿನ ಇನ್ನೊಂದು ಗುರುತಾದ ಎನ್‌ಗಾಲ್ ಇದೆ. ಇವು ಏರಿದರೆ ಕಿಡ್ನಿಗೆ ಪೆಟ್ಟಾಗಿದೆ ಅಂತಲೂ ಅರ್ಥ, ರಿಪೇರಿ ನಡೆದಿದೆ ಅಂತಲೂ ಅರ್ಥ. ಎರಡೂ ಒಟ್ಟಿಗೇ ನಡೆಯುತ್ತವೆ. ನಾನು ಮಾಡಿಸಿದ ಪರೀಕ್ಷೆ ಅಳೆಯುವುದು ಇಂಥವನ್ನೇ.

ಬಯಾಪ್ಸಿಗೆ ಹೆದರುವವರಿಗೆ ಒಂದು ಮಾತು. ಕಸಿ ಕಿಡ್ನಿ ಹೊಟ್ಟೆಯ ಕೆಳಭಾಗದಲ್ಲಿ ಚರ್ಮದಿಂದ ಹೆಚ್ಚು ಆಳದಲ್ಲಿಲ್ಲದ ಜಾಗದಲ್ಲಿರುತ್ತದೆ. ಅಲ್ಟ್ರಾಸೌಂಡಿನಲ್ಲಿ ನೋಡುತ್ತಾ ಸೂಜಿ ಹಾಕುತ್ತಾರೆ. ಮರಗಟ್ಟಿಸುವ ಇಂಜೆಕ್ಷನ್ ಚುಚ್ಚಿದಾಗ ಉರಿಯುತ್ತದೆ, ಆಮೇಲೆ 'ಟಕ್' ಅಂತ ಒಂದು ಸದ್ದು. ಕಸಿ ಮಾಡುವಾಗ ನರಗಳನ್ನು ಜೋಡಿಸುವುದಿಲ್ಲ, ಹಾಗಾಗಿ ಕಿಡ್ನಿಯೊಳಗೆ ಸೂಜಿ ಹೋದದ್ದು ನನಗೆ ಗೊತ್ತೇ ಆಗಲಿಲ್ಲ. ಕಷ್ಟವಾದದ್ದು ಆಮೇಲೆ ಗಂಟೆಗಟ್ಟಲೆ ಅಲುಗಾಡದೆ ಮಲಗಿರುವುದು. ಮೂತ್ರದಲ್ಲಿ ರಕ್ತ ಬರುತ್ತಿದೆಯಾ ಅಂತ ನರ್ಸ್ ಪ್ರತಿ ಸಲ ನೋಡುತ್ತಿದ್ದರು. ನನಗೆ ಬರಲಿಲ್ಲ. ಬರುವ ಸಾಧ್ಯತೆ ಇದೆ ಅಂತ ಸಹಿ ಮಾಡಿಸುವ ಮುಂಚೆಯೇ ಚೆನ್ನಾಗಿ ವಿವರಿಸಿದ್ದರು.

ಸೂಜಿಯಿಂದ ಬಂದ ಚೂರು ದಾರದಷ್ಟು ಸಣ್ಣ, ತಿಳಿ ಗುಲಾಬಿ ಬಣ್ಣ. ಟೆಕ್ನಿಷಿಯನ್ ಅದನ್ನು ಸ್ಲೈಡ್ ಮೇಲೆ ಒಂದು ಹನಿ ಸಲೈನಿನಲ್ಲಿ ಇಟ್ಟು ಅಲ್ಲೇ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಗ್ಲೊಮೆರುಲಸ್‌ಗಳು, ಅಂದರೆ ರಕ್ತ ಸೋಸುವ ಉಂಡೆಗಳು, ಕೆಂಪು ಚುಕ್ಕೆಗಳಾಗಿ ಕಾಣುತ್ತವೆ. ಸ್ಲೈಡ್ ಓದಲು ಕನಿಷ್ಠ 10 ಗ್ಲೊಮೆರುಲಸ್, 2 ರಕ್ತನಾಳ ಬೇಕು ಅನ್ನುವುದು ಒಪ್ಪಿತ ಅಳತೆ. ಸಾಕು ಅಂತ ಗೊತ್ತಾದ ಮೇಲೆ ಬ್ಲೇಡಿನಿಂದ ಒಂದು ತುದಿ ಕತ್ತರಿಸಿ, ಆರ್‌ಎನ್‌ಎ (ಕೆಲಸ ಮಾಡುತ್ತಿರುವ ಜೀನ್‌ನಿಂದ ಹೊರಡುವ ನಕಲು, ಪರೀಕ್ಷೆ ಅಳೆಯುವುದು ಇದನ್ನೇ) ಕೆಡದಂತೆ ಇಡುವ ದ್ರಾವಣವಿದ್ದ ಚಿಕ್ಕ ಟ್ಯೂಬಿಗೆ ಹಾಕಿದರು. ಎಲ್ಲ ಚಕಚಕನೆ ಆಯಿತು. ಆರ್‌ಎನ್‌ಎ ಎಷ್ಟು ಬೇಗ ಹಾಳಾಗುತ್ತದೆ ಅಂತ ಬಲ್ಲ ನನಗೆ ಅವರ ಕೈಚಳಕ ನೋಡಿ ಸಮಾಧಾನವಾಯಿತು. ಇಂಥ ಕೆಲಸದಲ್ಲಿ ದುಬಾರಿ ಯಂತ್ರಕ್ಕಿಂತ ಆ ಗಳಿಗೆಯ ಕೈ ಮುಖ್ಯ. ಈ ಭಾಗಕ್ಕೆ ನನ್ನಿಂದ ಪೂರ್ತಿ ಅಂಕ.

ಲ್ಯಾಬಿನಲ್ಲಿ ಆ ಚೂರಿನಿಂದ ಆರ್‌ಎನ್‌ಎ ತೆಗೆದು, ಸಾವಿರಾರು ಜೀನ್‌ಗಳನ್ನು ಒಟ್ಟಿಗೆ ಓದುವ ಚಿಪ್ ಮೇಲೆ ಹಾಕುತ್ತಾರೆ. ಆಮೇಲೆ ಕಂಪ್ಯೂಟರ್ ನನ್ನ ಫಲಿತಾಂಶವನ್ನು ಹಿಂದಿನ ಬೇರೆ ಬೇರೆ ರೋಗಿಗಳ ಬಯಾಪ್ಸಿಗಳ ಜೊತೆ ಹೋಲಿಸಿ ರಿಜೆಕ್ಷನ್, ಪೆಟ್ಟು ಇವಕ್ಕೆಲ್ಲ ಒಂದೊಂದು ಅಂಕ ಕೊಡುತ್ತದೆ. ಈ ವಿಧಾನದ ಹಿಂದೆ ಕೆನಡಾದ ಎಡ್ಮಂಟನ್ ನಗರದಲ್ಲಿ, ಆಲ್ಬರ್ಟಾ ವಿಶ್ವವಿದ್ಯಾಲಯದ ಫಿಲಿಪ್ ಹ್ಯಾಲೊರನ್ ಅವರ ತಂಡ ವರ್ಷಗಟ್ಟಲೆ ಮಾಡಿದ ಕೆಲಸವಿದೆ. ಕಸಿ ಕಿಡ್ನಿಯ ಸ್ಲೈಡ್ ಓದಲು ಜಗತ್ತೆಲ್ಲ ಬಳಸುವ ಬ್ಯಾನ್ಫ್ ನಿಯಮಗಳು ಶುರುವಾದದ್ದೂ ಅದೇ ಪ್ರಾಂತ್ಯದ ಬ್ಯಾನ್ಫ್ ಊರಿನಲ್ಲಿ 1991ರಲ್ಲಿ ನಡೆದ ಸಭೆಯಿಂದ. ಆಂಟಿಬಾಡಿಯಿಂದ, ಅಂದರೆ ರಕ್ತದಲ್ಲಿರುವ ರೋಗನಿರೋಧಕ ಪ್ರೋಟೀನ್‌ಗಳಿಂದ, ಆಗುವ ರಿಜೆಕ್ಷನ್ ಗುರುತಿಸಲು ಜೀನ್ ಪುರಾವೆಯನ್ನೂ ಪರಿಗಣಿಸಬಹುದು ಅಂತ 2013ರ ಪರಿಷ್ಕರಣೆಯಲ್ಲಿ ಸೇರಿಸಿದರು. ಅಂದರೆ ಇದು ಯಾರೋ ತಮಗೆ ತೋಚಿದ್ದನ್ನು ಮಾರುತ್ತಿರುವ ಪರೀಕ್ಷೆಯಲ್ಲ.

ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಬರೆಯುವ ಸ್ಲೈಡ್ ವರದಿ ಮೊದಲು ಬಂತು. 'ಬಾರ್ಡರ್‌ಲೈನ್' ಅಂತ ಬರೆದಿತ್ತು. ನಳಿಕೆಗಳ ನಡುವೆ ಕೆಲವು ಉರಿಯೂತದ ಕೋಶಗಳಿವೆ, ರಿಜೆಕ್ಷನ್ ಅಂತ ಹೇಳುವಷ್ಟಿಲ್ಲ, ಇಲ್ಲ ಅಂತ ಹೇಳುವಷ್ಟೂ ಕಡಿಮೆ ಇಲ್ಲ. ಅದನ್ನು ಓದಿ ಮನೆಯವರೆಲ್ಲ ಇನ್ನಷ್ಟು ಗಾಬರಿಯಾದರು. ಪ್ಯಾಥಾಲಜಿಸ್ಟ್ ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದಿದ್ದಾರೆ, ಅವರನ್ನು ದೂರುವಂತಿಲ್ಲ. ಪೆಟ್ಟು ತಿಂದ ಕಿಡ್ನಿಯೂ ಉರಿಯೂತದ ಕೋಶಗಳನ್ನು ಕರೆಸಿಕೊಳ್ಳುತ್ತದೆ, ಸತ್ತದ್ದನ್ನು ತೆಗೆಯಲು ಅವು ಬೇಕೇ ಬೇಕು. ಸ್ಲೈಡಿನಲ್ಲಿ ಅವು ಯಾವ ಕೆಲಸಕ್ಕೆ ಬಂದಿವೆ ಅಂತ ಬರೆದಿರುವುದಿಲ್ಲ ಅಲ್ವಾ.

ಜೀನ್ ವರದಿ ಬಂದ ಮೇಲೆ ಚಿತ್ರ ತಿಳಿಯಾಯಿತು. ಟಿ ಕೋಶಗಳು ಅನ್ನುವ ರೋಗನಿರೋಧಕ ಕೋಶಗಳಿಂದ ಆಗುವ ರಿಜೆಕ್ಷನ್ನಿನ ಅಂಕ ಕಡಿಮೆ. ಆಂಟಿಬಾಡಿಯದ್ದೂ ಕಡಿಮೆ. ಹೊಸ ಪೆಟ್ಟಿನ ಅಂಕ ತುಂಬಾ ಜಾಸ್ತಿ. ನಾರುಗಟ್ಟಿದ ಅಂಕ, ಅಂದರೆ ಹಳೆಯ ಗಾಯದ ಗುರುತು, ಕಡಿಮೆ. ನೆಫ್ರಾಲಜಿಸ್ಟ್ ಹಾಳೆ ತಿರುವಿಹಾಕಿ ಹೇಳಿದರು:

"ಮೇಡಂ, ಸ್ಟಿರಾಯ್ಡ್ ಈಗ ಬೇಡ. ಕಿಡ್ನಿ ಪೆಟ್ಟು ತಿಂದಿದೆ, ರಿಪೇರಿ ಜೋರಾಗಿ ನಡೀತಿದೆ. ಕಾಯೋಣ."

"ಕಾಯೋದು ಅಂದ್ರೆ ಏನೂ ಮಾಡಲ್ವಾ ಸರ್?"

"ಮಾಡ್ತೀವಿ. ಬಿಪಿ ಬೀಳದ ಹಾಗೆ, ಮೈಯಲ್ಲಿ ನೀರು ತುಂಬದ ಹಾಗೆ, ಟ್ಯಾಕ್ರೋಲಿಮಸ್ ಜಾಸ್ತಿ ಆಗದ ಹಾಗೆ ನೋಡ್ಕೋತೀವಿ. ಡಯಾಲಿಸಿಸ್ ಮಾಡುವಾಗಲೂ ಬಿಪಿ ಇಳೀಬಾರದು. ಗಾಯದ ಮೇಲೆ ಇನ್ನೊಂದು ಗಾಯ ಆಗಬಾರದು, ಅಷ್ಟೇ."

ಔಷಧಿಯ ಬಗ್ಗೆ ಅವರು ಹೇಳಿದ ಇನ್ನೊಂದು ವಿಷಯ ಇಲ್ಲಿ ಬರೆಯಬೇಕು. ಟ್ಯಾಕ್ರೋಲಿಮಸ್ ರಿಜೆಕ್ಷನ್ ತಡೆಯುತ್ತದೆ. ಆದರೆ ಮಟ್ಟ ಏರಿದರೆ ಗ್ಲೊಮೆರುಲಸ್‌ಗೆ ರಕ್ತ ತರುವ ಸಣ್ಣ ನಾಳವನ್ನು ಬಿಗಿ ಮಾಡುತ್ತದೆ. ಕಸಿಯಾದವರಿಗೆ ಕೊಡುವ ಇನ್ನೊಂದು ಔಷಧಿ ಸಿರೋಲಿಮಸ್ ಎಂಟಾರ್ ಅನ್ನುವ ಪ್ರೋಟೀನನ್ನು ತಡೆಯುತ್ತದೆ. ಕೋಶ ಬೆಳೆದು ಎರಡಾಗಲು ಆ ಎಂಟಾರ್ ಬೇಕು. ಹಾಗಾಗಿ ಕಿಡ್ನಿ ಇನ್ನೂ ಕೆಲಸ ಶುರು ಮಾಡದಿರುವಾಗ ಸಿರೋಲಿಮಸ್ ಕೊಟ್ಟರೆ ಚೇತರಿಕೆ ನಿಧಾನವಾಗುತ್ತದೆ. ಕಿಡ್ನಿ ಉಳಿಸುವ ಔಷಧಿಗಳೇ ರಿಪೇರಿಗೆ ಅಡ್ಡ ಬರಬಹುದು ಅನ್ನುವುದು ನಮ್ಮಂಥ ರೋಗಿಗಳಿಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಹೇಳಬೇಕು.

ನಾನು ಕಾದೆ. ಮೂತ್ರ ನಿಧಾನಕ್ಕೆ ಹೆಚ್ಚಾಯಿತು, ಡಯಾಲಿಸಿಸ್ ನಿಂತಿತು, ಕ್ರಿಯಾಟಿನಿನ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಎಡ್ಮಂಟನ್ ತಂಡವೇ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕಸಿಯಾದ ಹೊಸತರ ಕಿಡ್ನಿಗಳಲ್ಲಿ ಕೆಲಸ ಎಷ್ಟು ಕುಂದಿದೆ ಅನ್ನುವುದಕ್ಕೆ ಸ್ಲೈಡಿನಲ್ಲಿ ಕಾಣುವುದಕ್ಕಿಂತ ಈ ಪೆಟ್ಟು-ರಿಪೇರಿ ಜೀನ್‌ಗಳ ಅಂಕವೇ ಚೆನ್ನಾಗಿ ಹೊಂದಿಕೆಯಾಗುತ್ತಿತ್ತು. ನನ್ನ ಅನುಭವವೂ ಹಾಗೇ ಆಯಿತು.

ಇನ್ನು ಎರಡನೆಯ ಸಲದ್ದು. ಆಗ ಮೂತ್ರ, ಬಿಪಿ ಎಲ್ಲ ಚೆನ್ನಾಗಿತ್ತು. ಕ್ರಿಯಾಟಿನಿನ್ ಮಾತ್ರ ನಾವು ಆಸೆಪಟ್ಟದ್ದಕ್ಕಿಂತ ಸ್ವಲ್ಪ ಮೇಲೆಯೇ ನಿಂತಿತ್ತು. ರಿಪೇರಿ ಪೂರ್ತಿ ಆಯಿತಾ ಅನ್ನುವುದೇ ಪ್ರಶ್ನೆ. ಯಾಕೆಂದರೆ ಎಲ್ಲ ಕೋಶಗಳೂ ಹಳೇ ಕೆಲಸಕ್ಕೆ ಮರಳುವುದಿಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 42 ಕಸಿ ಕಿಡ್ನಿಗಳಿಂದ ನಾಲ್ಕು ಬೇರೆ ಬೇರೆ ಹಂತಗಳಲ್ಲಿ 163 ಬಯಾಪ್ಸಿ ತೆಗೆದು ಅವುಗಳ ಆರ್‌ಎನ್‌ಎ ಓದಿದ್ದರು. ಶುರುವಿನ ಪೆಟ್ಟಿನ ನಂತರ ಕಿಡ್ನಿಗಳು ಎರಡು ದಾರಿ ಹಿಡಿದವು. ಕೆಲವು ಚೇತರಿಸಿಕೊಂಡವು. ಕೆಲವು ನಿಧಾನಕ್ಕೆ ಉರಿಯೂತ, ನಾರುಗಟ್ಟುವಿಕೆಯ ಕಡೆ ಜಾರಿದವು.

2020ರಲ್ಲಿ ಇಲಿಗಳ ಕಿಡ್ನಿಯನ್ನು ಕೋಶ ಕೋಶವಾಗಿ ಓದಿದ ಇನ್ನೊಂದು ತಂಡ, ನಡುವೆ ಸಿಕ್ಕಿಹಾಕಿಕೊಂಡ ಕೋಶಗಳನ್ನು ಗುರುತಿಸಿತು. ಇವು ಚಪ್ಪಟೆ ಸ್ಥಿತಿಯಿಂದ ಹೊರಬರುವುದಿಲ್ಲ, ನಳಿಕೆಯ ಕೆಲಸಕ್ಕೂ ಮರಳುವುದಿಲ್ಲ. ವಿಕ್ಯಾಮ್1 ಅನ್ನುವ ಗುರುತು ಹೊತ್ತು ಕೂತಲ್ಲಿಂದಲೇ ಉರಿಯೂತದ ಸಂದೇಶ ಕಳಿಸುತ್ತಿರುತ್ತವೆ. ಟಿಜಿಎಫ್-ಬೀಟಾದಂಥ ಸಂದೇಶ ಸಿಕ್ಕ ಅಕ್ಕಪಕ್ಕದ ಕೋಶಗಳು ಕೊಲಾಜನ್ ಅನ್ನುವ ನಾರಿನ ಪ್ರೋಟೀನ್ ಸುರಿಯುತ್ತವೆ. ನಳಿಕೆಗಳ ನಡುವೆ ನಾರು ತುಂಬಿಕೊಳ್ಳುವುದು ಹೀಗೆ.

ನನ್ನ ಎರಡನೆಯ ವರದಿಯಲ್ಲಿ ಪೆಟ್ಟಿನ ಅಂಕ ಚೆನ್ನಾಗಿ ಇಳಿದಿತ್ತು, ಆದರೆ ತಳ ಮುಟ್ಟಿರಲಿಲ್ಲ. ನಾರಿನ ಅಂಕ ಸ್ವಲ್ಪ ಏರಿತ್ತು. ಇಲ್ಲಿ ಪರೀಕ್ಷೆಯ ಮಿತಿ ನನಗೆ ಸ್ಪಷ್ಟವಾಗಿ ಕಂಡಿತು. ಚೂರನ್ನು ಅರೆದು ಎಲ್ಲ ಕೋಶಗಳ ಆರ್‌ಎನ್‌ಎ ಒಟ್ಟಿಗೇ ತೆಗೆಯುತ್ತಾರೆ. ಹಾಗಾಗಿ ಬರುವುದು ಒಟ್ಟು ಲೆಕ್ಕ. ಎಲ್ಲ ಕೋಶಗಳಲ್ಲೂ ಸ್ವಲ್ಪ ಸ್ವಲ್ಪ ಪೆಟ್ಟು ಉಳಿದಿದೆಯಾ, ಕೆಲವು ಮಾತ್ರ ಪೂರ್ತಿ ಸಿಕ್ಕಿಹಾಕಿಕೊಂಡಿವೆಯಾ ಅಂತ ಈ ವರದಿಯಿಂದ ತಿಳಿಯುವುದಿಲ್ಲ. ಸಿಕ್ಕಿಹಾಕಿಕೊಂಡ ಕೋಶಗಳನ್ನು ಬಿಡಿಸುವ ಔಷಧಿ ಇನ್ನೂ ನಮ್ಮ ಕೈಗೆ ಬಂದಿಲ್ಲ. ಡಾಕ್ಟರು ಬಿಪಿ ಮಾತ್ರೆ ಸರಿಹೊಂದಿಸಿದರು, ಟ್ಯಾಕ್ರೋಲಿಮಸ್ ಮಟ್ಟವನ್ನು ಇನ್ನೂ ಹತ್ತಿರದಿಂದ ನೋಡಲು ಶುರುಮಾಡಿದರು. ಅದು ಒಳ್ಳೆಯದೇ. ಆದರೆ ಈ ವರದಿ ಇಲ್ಲದಿದ್ದರೂ ಅವರು ಹೆಚ್ಚುಕಮ್ಮಿ ಅದನ್ನೇ ಮಾಡುತ್ತಿದ್ದರು ಅಂತ ನನ್ನ ಅನಿಸಿಕೆ. ಮೊದಲ ವರದಿ ನನ್ನ ಚಿಕಿತ್ಸೆಯನ್ನೇ ಬದಲಿಸಿತು, ಎರಡನೆಯದು ಬದಲಿಸಲಿಲ್ಲ.

ಈಗ ನನ್ನ ದೂರು. ವರದಿಯಲ್ಲಿ ಪೆಟ್ಟಿನ ಅಂಕವನ್ನು ಕೆಂಪು ಬಣ್ಣದಲ್ಲಿ, ರಿಜೆಕ್ಷನ್ ಅಂಕದ ಪಕ್ಕದಲ್ಲೇ ಹಾಕಿದ್ದರು. ಕಸಿಯಾದ ಮೊದಲ ಕೆಲವು ವಾರ ಈ ಅಂಕ ಬಹಳಷ್ಟು ಜನರಲ್ಲಿ ಜಾಸ್ತಿಯೇ ಇರುತ್ತದೆ ಅನ್ನುವ ಒಂದು ಸಾಲು ಎಲ್ಲೂ ಇರಲಿಲ್ಲ. ವರದಿ ಮೊದಲು ಬಂದದ್ದು ನನ್ನ ತಮ್ಮನ ಮೊಬೈಲಿಗೆ. ಕೆಂಪು ನೋಡಿ ಅವನು ನಡುಗಿಹೋಗಿದ್ದ. "ಅಕ್ಕ, ಕಿಡ್ನಿ ಹೋಯ್ತಂತೆ" ಅಂತ ಹೇಳಲೂ ಆಗದೆ, ಡಾಕ್ಟರು ಬರುವವರೆಗೆ ವಾರ್ಡಿನ ಹೊರಗೇ ನಿಂತಿದ್ದನಂತೆ. ಅವನಿಗೆ ಆ ಸಂಕಟ ಬೇಕಿರಲಿಲ್ಲ. ಅದೇ ಕೆಂಪು ಸಂಖ್ಯೆ ನಮ್ಮ ಪಾಲಿಗೆ ಒಳ್ಳೆಯ ಸುದ್ದಿಯಾಗಿತ್ತು. ರೋಗಿ ಓದುವುದಿಲ್ಲ ಅಂದುಕೊಂಡು ವರದಿ ಬರೆಯುವ ಕಾಲ ಮುಗಿದಿದೆ. ಕಸಿಯಾಗಿ ಎಷ್ಟು ದಿನವಾಗಿದೆ, ಅಷ್ಟೇ ದಿನವಾದ ಬೇರೆಯವರಲ್ಲಿ ಈ ಅಂಕ ಎಷ್ಟಿರುತ್ತದೆ ಅಂತ ಪಕ್ಕದಲ್ಲಿ ಬರೆದರೆ ಸಾಕು.

ಇನ್ನೊಂದು ಚಿಕ್ಕ ದೂರು. ಸ್ಯಾಂಪಲ್ ತಲುಪಿತಾ ಅಂತ ಲ್ಯಾಬಿಗೆ ಫೋನ್ ಮಾಡಿದರೆ ಯಾರಿಗೂ ಗೊತ್ತಿರಲಿಲ್ಲ.

ಸೂಜಿ ಇಲ್ಲದೆ ರಕ್ತದಲ್ಲೇ ನೋಡಬಹುದಲ್ಲ ಅಂತ ಕೆಲವರು ಕೇಳಿದ್ದಾರೆ. ದಾನಿಯ ಕಿಡ್ನಿಯ ಕೋಶ ಸತ್ತಾಗ ಅದರ ಡಿಎನ್‌ಎ ಚೂರುಗಳು ನಮ್ಮ ರಕ್ತಕ್ಕೆ ಬರುತ್ತವೆ, ಅದನ್ನು ಅಳೆಯುವ ಪರೀಕ್ಷೆ ಇದೆ. 1 ಶೇಕಡಾಕ್ಕಿಂತ ಜಾಸ್ತಿ ಇದ್ದರೆ ಎಚ್ಚರ ವಹಿಸುವುದು ಸಾಮಾನ್ಯ. ಮನೆಗೆ ಹೋದ ಮೇಲೆ ಆಗಾಗ ನೋಡಿಕೊಳ್ಳಲು ಅದು ಒಳ್ಳೆಯದು. ಆದರೆ ಕಿಡ್ನಿಗೆ ಏನೋ ಆಗುತ್ತಿದೆ ಅನ್ನುವುದಷ್ಟೇ ಅದರಿಂದ ತಿಳಿಯುತ್ತದೆ. ರಿಜೆಕ್ಷನ್ನಾ, ಕಸಿ ಕಿಡ್ನಿಯನ್ನು ಕಾಡುವ ಬಿಕೆ ವೈರಸ್ಸಾ, ಮಂಜುಗಡ್ಡೆಯ ಪೆಟ್ಟಾ ಅಂತ ಬಿಡಿಸಿ ಹೇಳುವುದಿಲ್ಲ. ಕಸಿಯಾದ ಹೊಸತರಲ್ಲಂತೂ ಎಲ್ಲರಲ್ಲೂ ಜಾಸ್ತಿ ಇರುತ್ತದೆ. ನನ್ನ ಮೊದಲ ಪ್ರಶ್ನೆಗೆ ಅದರಿಂದ ಉತ್ತರ ಸಿಗುತ್ತಿರಲಿಲ್ಲ.

ಮಾಡಿಸಬೇಕು ಅಂತಿದ್ದರೆ ಬಯಾಪ್ಸಿಗೆ ಮುಂಚೆಯೇ ಡಾಕ್ಟರನ್ನು ಕೇಳಿ. ಚಿಪ್ ಪರೀಕ್ಷೆಯಾದರೆ ಚೂರಿನ ತುದಿಯನ್ನು ಆಗಲೇ ಆರ್‌ಎನ್‌ಎ ದ್ರಾವಣಕ್ಕೆ ಹಾಕಬೇಕು, ಆಮೇಲೆ ನೆನಪಾದರೆ ಪ್ರಯೋಜನವಿಲ್ಲ. ಫಾರ್ಮಲಿನ್‌ನಲ್ಲಿ ಇಟ್ಟ ಚೂರಿನಿಂದಲೇ ಓದುವ ನ್ಯಾನೋಸ್ಟ್ರಿಂಗ್ ಅನ್ನುವ ಇನ್ನೊಂದು ವಿಧಾನ ಇದೆ. ಕಸಿ ಅಂಗಗಳಿಗೆ ಅಂತಲೇ ಮಾಡಿದ 770 ಜೀನ್‌ಗಳ ಪಟ್ಟಿಯೂ ಅದಕ್ಕಿದೆ. ನಿಮ್ಮ ಹಳೆಯ ಬಯಾಪ್ಸಿಯ ಬ್ಲಾಕ್, ಅಂದರೆ ಮೇಣದಲ್ಲಿ ಕೂರಿಸಿಟ್ಟ ಚೂರು, ಉಳಿದಿದ್ದರೆ ಆ ದಾರಿ ಇದೆಯಾ ಅಂತ ವಿಚಾರಿಸಬಹುದು. ವರದಿ ಬರುವ ದಿನಕ್ಕೇ ಡಾಕ್ಟರ ಸಮಯವನ್ನೂ ತೆಗೆದುಕೊಂಡಿರಿ. ಸ್ಲೈಡ್ ವರದಿ, ಜೀನ್ ವರದಿ ಎರಡನ್ನೂ ಪಕ್ಕಪಕ್ಕ ಇಟ್ಟು ವಿವರಿಸಿ ಅಂತ ಕೇಳಿ. ಕಿಡ್ನಿ ಎಷ್ಟು ಗಂಟೆ ಮಂಜುಗಡ್ಡೆಯಲ್ಲಿತ್ತು ಅನ್ನುವುದು ಆಪರೇಷನ್ ದಾಖಲೆಯಲ್ಲಿ ಇರುತ್ತದೆ. ಅದನ್ನೂ ಬರೆದುಕೊಂಡು ಹೋಗಿ. ಪೆಟ್ಟಿನ ಅಂಕ ಯಾಕಿಷ್ಟು ಅಂತ ಕೇಳುವಾಗ ಡಾಕ್ಟರಿಗೆ ಮೊದಲು ಬೇಕಾಗುವ ಸಂಖ್ಯೆ ಅದೇ.